ಅರವತ್ತು ಅಂಗಿಯ ಮೇಲೊಂದು ಎಡಗೈ ಕತ್ತರಿ

ಬೆಳಗಿನ ಐದು ಗಂಟೆ. ಹನ್ನೆರಡಡಿ ಉದ್ದ, ಒಂಬತ್ತಡಿ ಅಗಲದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಆರು ಹಗ್ಗ ಕಟ್ಟಿದೆ. ಹಗ್ಗದ ತುಂಬ ತಿಳಿ ಬೂದುಬಣ್ಣದ ಟೀ ಶರ್ಟ್‌ಗಳು. ಅವುಗಳ ಕೆಳಗೆ ಬೆನ್ನು ಬಗ್ಗಿಸಿಕೊಂಡೇ ಓಡಾಡುವ ಹೆಂಗಸಿಗೆ ನಲವತ್ತೊಂದು ವರ್ಷ. ಮೊಣಕೈವರೆಗೆ ಕಡುನೀಲಿ ಬಣ್ಣ ಮೆತ್ತಿದೆ. ಬೀದಿಯ ಮಕ್ಕಳು ಈಕೆಗೆ ಇಟ್ಟ ಹೆಸರು ಬಣ್ಣದಕ್ಕ. ಈಗ ಆ ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ ಕರೆಯುತ್ತಾರೆ, ಅಂಚೆಯವರೂ ಹಾಗೇ ಕೂಗುತ್ತಾರೆ.

ಬಣ್ಣದಕ್ಕ ನೆಲದ ಮೇಲೆ ಕಂಬಳಿ ಹಾಸಿ ಕೂತು ಇಸ್ತ್ರಿ ಮಾಡುತ್ತಿದ್ದಾರೆ. ಒಂದೊಂದು ಅಂಗಿಗೆ ಮೂರು ನಿಮಿಷ, ಅಚ್ಚಿನ ಮೇಲೆ ತೆಳು ಬಟ್ಟೆ ಹಾಸಿ, ಒತ್ತಿ ಹಿಡಿದು. ಬಿಸಿ ತಾಗಿದರಷ್ಟೇ ಬಣ್ಣ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ತಾಗಿದ ಮೇಲೆ ಬಟ್ಟೆ ಹರಿದರೂ ಬಣ್ಣ ಬಿಡುವುದಿಲ್ಲ. ಐವತ್ತೆಂಟು ಆಯಿತು, ಐವತ್ತೊಂಬತ್ತು ಆಯಿತು. ಒಂಬತ್ತು ಗಂಟೆಗೆ ಅರವತ್ತೂ ಅಂಗಿಗಳು ಊರಾಚೆಯ ಸಿದ್ಧ ಉಡುಪು ಕಾರ್ಖಾನೆಯಲ್ಲಿರಬೇಕು. ಅಲ್ಲಿ ಮೂವತ್ಮೂರು ವರ್ಷ ಬಟ್ಟೆ ಕತ್ತರಿಸಿದ ಹಿರಿಯ ಹೆಂಗಸು ಇವತ್ತು ಸಂಜೆ ನಾಲ್ಕಕ್ಕೆ ನಿವೃತ್ತರಾಗುತ್ತಾರೆ. ಜೊತೆಯವರು ಅರವತ್ತು ಮಂದಿ ಒಂದೇ ಥರದ ಅಂಗಿ ತೊಟ್ಟು ಬೀಳ್ಕೊಡಬೇಕೆಂದು ಮಾತಾಗಿದೆ, ದುಡ್ಡು ಕಾರ್ಖಾನೆಯದು. ಅಂಗಿಯ ಮೇಲಿರುವುದು ಒಂದು ಕತ್ತರಿ. ಅಂಗಡಿಯಲ್ಲಿ ಸಿಗುವ ಯಾವುದೋ ಕತ್ತರಿಯಲ್ಲ, ಆ ಹಿರಿಯ ಹೆಂಗಸಿನದೇ ಕತ್ತರಿ. ಹೆಬ್ಬೆರಳ ಬಳೆಗೆ ಬಟ್ಟೆಯ ಪಟ್ಟಿ ಸುತ್ತಿದ್ದು, ಒಂದು ಅಲಗಿನ ತುದಿ ಚೂರು ಮುರಿದದ್ದು.

ಅರವತ್ತನೆಯ ಅಂಗಿಯ ತೋಳಿನಲ್ಲಿ ಒಂದು ನೂಲಿನ ಎಳೆ ನೇತಾಡುತ್ತಿದೆ. ಬಣ್ಣದಕ್ಕ ತಮ್ಮ ಕತ್ತರಿ ತೆಗೆದು ಅದನ್ನು ಕಚಕ್ ಎನ್ನಿಸಿ, ಕತ್ತರಿಯನ್ನು ಅಂಗಿಯ ಮೇಲೆಯೇ ಇಡುತ್ತಾರೆ. ಅಚ್ಚಿನ ಕತ್ತರಿಯ ಪಕ್ಕ ನಿಜದ ಕತ್ತರಿ. ಇಸ್ತ್ರಿ ಎತ್ತಿಕೊಂಡ ಕೈ ಹಾಗೇ ನಿಲ್ಲುತ್ತದೆ. ಅವರು ನಿಜದ ಕತ್ತರಿಯನ್ನು ತಿರುಗಿಸಿ ಇಡುತ್ತಾರೆ. ಮಗುಚಿ ಇಡುತ್ತಾರೆ. ಹೇಗೆ ಇಟ್ಟರೂ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಕತ್ತರಿ ಹಿಡಿದು ಬದುಕುವವರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದಿದೆ. ತುದಿ ಮೇಲಕ್ಕೆ ಮಾಡಿ ಹಿಡಿದರೆ, ಬಲಗೈ ಕತ್ತರಿಯಲ್ಲಿ ಬಲಗಡೆಯ ಅಲಗು ಯಾವಾಗಲೂ ಮೇಲಿರುತ್ತದೆ. ಹಿಂದೆ ಮುಂದೆ ಮಾಡಿದರೂ ಅಷ್ಟೇ. ಅಂಗಿಯ ಮೇಲಿನ ಕತ್ತರಿಯಲ್ಲಿ ಎಡಗಡೆಯ ಅಲಗು ಮೇಲಿದೆ. ಅರವತ್ತು ಅಂಗಿಯ ಮೇಲೂ ಅಚ್ಚಾಗಿರುವುದು ಎಡಗೈಯವರ ಕತ್ತರಿ. ಅರವತ್ತಕ್ಕೂ ಇಸ್ತ್ರಿಯ ಬಿಸಿ ತಾಗಿಯಾಗಿದೆ.

“ಕಿರುಚಬೇಕು ಅನ್ನಿಸ್ತು, ಆದ್ರೆ ಮಾವ ಮಲಗಿದ್ರಲ್ಲ” ಎನ್ನುತ್ತಾರೆ ಬಣ್ಣದಕ್ಕ.

ತಪ್ಪು ಎಲ್ಲಾಯಿತೆಂದು ಹುಡುಕಲು ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಟೀ ಶರ್ಟಿಗೆ ಅಚ್ಚು ಹಾಕುವುದು ಮರದ ಚೌಕಟ್ಟಿಗೆ ಬಿಗಿದ ನವುರಾದ ಬಲೆಯಿಂದ. ಬಲೆಗೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಬಳಿದು, ಮೇಲೆ ಚಿತ್ರ ಇಟ್ಟು, ಬಿಸಿಲಿಗೆ ಹಿಡಿಯುತ್ತಾರೆ. ಚಿತ್ರದ ಗೆರೆ ಇದ್ದ ಕಡೆ ಬೆಳಕು ಹಾಯದೆ ಲೇಪ ಮೆತ್ತಗೆ ಉಳಿಯುತ್ತದೆ, ನೀರಿಗೆ ಬಿಟ್ಟುಹೋಗುತ್ತದೆ. ಆ ಸಂದಿಯಿಂದ ಬಣ್ಣ ಬಟ್ಟೆಗೆ ಇಳಿಯುತ್ತದೆ. ದುಡ್ಡಿದ್ದವರು ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆಸುತ್ತಾರೆ. ಬಣ್ಣದಕ್ಕ ಸಾದಾ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದು, ಹತ್ತಿಯಲ್ಲಿ ಅಡುಗೆ ಎಣ್ಣೆ ಅದ್ದಿ ಒರೆಸುತ್ತಾರೆ. ಎಣ್ಣೆ ಕುಡಿದ ಕಾಗದ ಗಾಜಿನಂತೆ ಆಗುತ್ತದೆ. ಖರ್ಚು ಎರಡು ಚಮಚ ಎಣ್ಣೆ. ಆದರೆ ಎಣ್ಣೆಯ ಕಾಗದಕ್ಕೆ ಎರಡೂ ಮುಖ ಒಂದೇ. ಗೆರೆ ಬರೆದ ಮುಖ ಬಲೆಗೆ ತಾಗಬೇಕಿತ್ತು. ಐದು ದಿನದ ಹಿಂದೆ ಮೋಡ ಬರುವ ಮುಂಚೆ ಮುಗಿಸಬೇಕೆಂಬ ಆತುರದಲ್ಲಿ ಅದು ಆಚೆ ಮುಖವಾಗಿ ಕೂತಿದೆ. ಅಕ್ಷರವಿದ್ದಿದ್ದರೆ ಮೊದಲ ಅಂಗಿಗೇ ಕಣ್ಣಿಗೆ ಹೊಡೆಯುತ್ತಿತ್ತು. ಬಣ್ಣದಕ್ಕ ಅಂಗಿಯ ಮೇಲೆ ಅಕ್ಷರ ಬರೆಯುವವರಲ್ಲ. ಬಡವರ ಉಳಿತಾಯವೂ ಕೆಲವು ಸಲ ಬಡವರ ಮೇಲೇ ತಿರುಗಿ ಬೀಳುತ್ತದೆ.

ಮಂಚದ ಮೇಲೆ ಎದ್ದು ಕೂತ ಮಾವನವರು ನಿವೃತ್ತ ಬಸ್ ಚಾಲಕರು, ಎಪ್ಪತ್ತಮೂರರ ವಯಸ್ಸು. ಮನೆಯಲ್ಲಿ ಹಾಳಾದ ಅಂಗಿಗಳೆಲ್ಲ ಅವರ ಪಾಲು. ಅರ್ಧ ಮಾತ್ರ ಮೂಡಿದ ಛತ್ರಿ, ಕಲೆಯಾದ ಏಣಿ, ಹಿಡಿ ಕಾಣೆಯಾದ ಕೆಟಲ್ ಇವನ್ನೆಲ್ಲ ಹಾಕಿಕೊಂಡು ಬೀದಿ ಸುತ್ತುತ್ತಾರೆ. ಸೊಸೆ ವಿಷಯ ಹೇಳಿದಾಗ ಅವರು ಒಂದು ಅಂಗಿ ಎತ್ತಿ ಹಿಡಿದು ನೋಡುತ್ತಾರೆ.

“ಕನ್ನಡಿ ಮುಂದೆ ನಿಂತ್ರೆ ಸರಿಯಾಗೇ ಕಾಣುತ್ತಲ್ಲಮ್ಮ. ಅಂಗಿ ಜೊತೆ ಎಲ್ಲರಿಗೂ ಒಂದೊಂದು ಕನ್ನಡಿ ಕೊಟ್ಬಿಡು.”

ಬಣ್ಣದಕ್ಕನಿಗೆ ನಗುವುದೋ ಅಳುವುದೋ ತಿಳಿಯುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ಹಲ್ಲುಜ್ಜುತ್ತಲೇ ಇಣುಕಿ, “ಯಾರು ನೋಡ್ತಾರಮ್ಮ? ಕತ್ತರಿ ಅಂದ್ರೆ ಕತ್ತರಿ. ಸುಮ್ನೆ ಕೊಟ್ಟು ಬಾ” ಎನ್ನುತ್ತಾಳೆ.

“ಬೇರೆ ಯಾರಾದ್ರೂ ಆಗಿದ್ರೆ ನೋಡ್ತಿರಲಿಲ್ಲ ಕಣೇ. ಅಲ್ಲಿರೋ ಅರವತ್ತು ಜನಾನೂ ಕತ್ತರಿ ಹಿಡಿದು ತಿನ್ನೋರು.”

ಈ ಅರವತ್ತು ಅಂಗಿಗಳ ಮೇಲೆ ಏನೇನು ನಿಂತಿದೆ ಎಂಬುದು ಮನೆಯ ಮೂವರಿಗೂ ಗೊತ್ತು. ಮೂರು ದಿನದಿಂದ ಪಾರ್ಸೆಲ್ ವ್ಯಾನಿನಲ್ಲಿ ಊರೂರು ತಿರುಗುತ್ತಿರುವ ಗಂಡನಿಗೂ ಗೊತ್ತು. ಕೈಯಲ್ಲಿದ್ದ ಉಳಿತಾಯವೆಲ್ಲ ಅಚ್ಚಿಲ್ಲದ ಈ ಅಂಗಿಗಳಿಗೆ ಹೋಗಿದೆ. ಇವು ವಾಪಸ್ ಬಂದರೆ ಮುಂದಿನ ವಾರಕ್ಕೆ ಬಟ್ಟೆ ಕೊಳ್ಳಲು ಮನೆಯಲ್ಲಿ ಏನೂ ಇಲ್ಲ. ಆಗ ಬಣ್ಣದಕ್ಕ ಬಲೆ, ಬಣ್ಣ ಎಲ್ಲ ಅಟ್ಟಕ್ಕೆ ಹಾಕಿ, ಮೂರು ವರ್ಷದ ಹಿಂದೆ ಬಿಟ್ಟುಬಂದ ಹೊಲಿಗೆಯ ಸಾಲಿಗೆ ಮತ್ತೆ ಹೋಗಿ ಕೂರಬೇಕು. ಆ ಸಾಲು ಇರುವುದೂ ಅದೇ ಕಾರ್ಖಾನೆಯಲ್ಲಿ.

ಅಲ್ಲಿ ಬಣ್ಣದಕ್ಕ ಎಂಟು ವರ್ಷ ಕೆಲಸ ಮಾಡಿದ್ದಾರೆ. ಅವರದ್ದು ಕತ್ತಿನ ಪಟ್ಟಿ ಹೊಲಿಯುವ ಸಾಲು. ಅಂಗಿ ಎಡಗಡೆಯಿಂದ ಬರುತ್ತದೆ, ಕತ್ತಿಗೆ ಪಟ್ಟಿ ಕೂರಿಸಿ ಬಲಗಡೆಗೆ ತಳ್ಳಬೇಕು. ದಿನಕ್ಕೆ ಏಳು ನೂರು ಕತ್ತು. ತೋಳು ಹೊಲಿಯುವವರು ತೋಳನ್ನೇ, ಅಂಚು ಹೊಲಿಯುವವರು ಅಂಚನ್ನೇ ಹೊಲಿಯುತ್ತಾರೆ. “ಎಂಟು ವರ್ಷ ಬರೀ ಕತ್ತೇ ಹೊಲಿದೆ. ಇಡೀ ಅಂಗಿ ನಂದು ಅಂತ ಒಂದೂ ಇರ್ಲಿಲ್ಲ. ಬೀದೀಲಿ ಯಾರಾದ್ರೂ ಹೊಸ ಅಂಗಿ ಹಾಕ್ಕೊಂಡು ಹೋದ್ರೆ ನಾನು ಮುಖ ನೋಡ್ತಿರಲಿಲ್ಲ, ಕತ್ತು ನೋಡ್ತಿದ್ದೆ. ಇವ್ರಿಗೇನಾಗಿದೆ ಅಂತ ಜನ ಬೈಕೊಂಡು ಹೋಗ್ತಿದ್ರು” ಎಂದು ನಗುತ್ತಾರೆ.

ಹೊಸ ದಾರಿ ಸಿಕ್ಕಿದ್ದು ಒಂದು ಕಲೆಯಿಂದ. ಮಗಳ ಬಿಳಿ ಟೀ ಶರ್ಟಿನ ಎದೆಗೆ ತುಕ್ಕಿನ ಕಲೆ ಬಿತ್ತು. ಹೊಸದು ಕೊಡಿಸುವ ಸ್ಥಿತಿ ಇರಲಿಲ್ಲ. ಕಲೆಯ ಮೇಲೆ ಬಣ್ಣದಲ್ಲಿ ಒಂದು ಬೀಗ ಬರೆದುಕೊಟ್ಟರು, ಕಲೆ ಬೀಗದ ತೂತಾಯಿತು. ಮಗಳ ಗೆಳತಿಯರು ಕಲೆಯಿಲ್ಲದ ಅಂಗಿ ತಂದು ನಮಗೂ ಬರೆದುಕೊಡಿ ಎಂದರು. ಮೊದಲ ಬಲೆ ಹಳೆಯ ಪರದೆಯ ಬಟ್ಟೆ, ಮೊದಲ ಚೌಕಟ್ಟು ಗೋಡೆಗೆ ಹಾಕಿದ್ದ ಮದುವೆಯ ಫೋಟೋದ್ದು. ಫೋಟೋ ಈಗ ಬೀರುವಿನೊಳಗೆ ಬಟ್ಟೆಗಳ ಮಧ್ಯೆ ಇದೆ. “ನಮ್ಮೆಜಮಾನ್ರು ಏನೂ ಅನ್ಲಿಲ್ಲ. ಫೋಟೋದಲ್ಲಿ ಹೇಗೂ ನಾವಿಬ್ರೂ ಹೆದರಿಕೊಂಡು ನಿಂತಿದ್ವಿ” ಎಂಬುದು ಅವರ ಸಮಜಾಯಿಷಿ.

ಬಣ್ಣದಕ್ಕ ಹೂವು ಬರೆಯುವುದಿಲ್ಲ, ಹೃದಯ ಬರೆಯುವುದಿಲ್ಲ, ನಗುವ ಮುಖಗಳನ್ನಂತೂ ಬರೆಯುವುದೇ ಇಲ್ಲ. ಜನ ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳನ್ನು ಬರೆಯುತ್ತಾರೆ. ಏಣಿ, ಸ್ಪ್ಯಾನರ್, ಗಾರೆ ಕೆಲಸದ ಕರಣೆ, ಬಸ್ಸಿನ ಗಂಟೆ, ಕ್ಷೌರದ ಮಿಷನ್ನು. ರಜೆಯ ದಿನ ಬೆಳಿಗ್ಗೆ ಎರಡು ದೀಪದ ಕಂಬಗಳ ನಡುವೆ ಹಗ್ಗ ಕಟ್ಟಿ ಪಾದಚಾರಿ ಮಾರ್ಗದಲ್ಲಿ ಮಾರುತ್ತಾರೆ. ಒಳ್ಳೆಯ ವಾರದಲ್ಲಿ ಇಪ್ಪತ್ತೈದು ಅಂಗಿ, ಮಳೆಯ ವಾರದಲ್ಲಿ ನಾಲ್ಕು. ಕೊಳ್ಳುವವರು ಸಾಮಾನ್ಯರಲ್ಲ, ಬೆಣ್ಣೆಯಲ್ಲೂ ಕಲ್ಲು ಹುಡುಕುವವರು. ಬಡಗಿಯೊಬ್ಬರು ಅಂಗಿಯ ಮೇಲಿನ ಗರಗಸವನ್ನು ಐದು ನಿಮಿಷ ನೋಡಿ, “ಈ ಹಲ್ಲಲ್ಲಿ ಮರ ಕೊಯ್ಯಕ್ಕಾಗಲ್ಲ, ಬೆಣ್ಣೆ ಕೊಯ್ಬೇಕು” ಎಂದು ಇಟ್ಟುಹೋದರು. ಮುಂದಿನ ವಾರ ಹಲ್ಲು ತಿದ್ದಿ ತಂದಾಗ ಎರಡು ಕೊಂಡರು. ಅಂದಿನಿಂದ ಬಣ್ಣದಕ್ಕ ವಸ್ತುವನ್ನು ಎದುರಿಗಿಟ್ಟುಕೊಳ್ಳದೆ ಗೆರೆ ಎಳೆಯುವುದಿಲ್ಲ.

ಈ ಕತ್ತರಿಯನ್ನೂ ಹಾಗೆಯೇ ಬರೆದದ್ದು. ಅದರ ಒಡತಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಮಾಸ್ಟರಮ್ಮ ಎನ್ನುತ್ತಾರೆ. ರಾಶಿ ಬಟ್ಟೆ ಕತ್ತರಿಸಲು ಯಂತ್ರ ಬಂದು ಎಷ್ಟೋ ಕಾಲವಾಯಿತು. ಮಾದರಿ ಅಂಗಿಯ ಬಟ್ಟೆ ಮಾತ್ರ ಇವತ್ತಿಗೂ ಮಾಸ್ಟರಮ್ಮನ ಕೈಕತ್ತರಿಗೇ ಬರುತ್ತದೆ. ಕೋಪ ಮೂಗಿನ ತುದಿಯಲ್ಲಿ. ಹೊಲಿಗೆ ಒಂದು ನೂಲು ಸರಿದರೂ ಅಂಗಿಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು ವಾಪಸ್ ಕಳಿಸುತ್ತಾರೆ. ಬಣ್ಣದಕ್ಕನ ಕತ್ತುಗಳೂ ಅವರಿಂದ ಬೇಕಾದಷ್ಟು ಗೀಟು ತಿಂದಿವೆ. ಚಿತ್ರ ಬರೆಯಲು ಹೋದಾಗ ಮಾಸ್ಟರಮ್ಮ, “ನನ್ನ ಮುಖ ಬೇಡ. ಕತ್ತರಿ ಬರಿ, ಅದಕ್ಕಿಂತ ಹೆಚ್ಚು ನಾನೇನಿಲ್ಲ” ಎಂದು ಅರ್ಧ ಗಂಟೆ ಕತ್ತರಿ ಕೊಟ್ಟರು. ಅರ್ಧ ಗಂಟೆಯೂ ಪಕ್ಕದಲ್ಲೇ ನಿಂತು ಕತ್ತರಿಯನ್ನು ಕಾದರು.

ಅವರ ಮುಂದೆ ಎಡಗೈ ಕತ್ತರಿ ಹಿಡಿದುಕೊಂಡು ಹೋಗಬೇಕು.

ಆರೂಕಾಲು. ಹೊಸ ಬಲೆ ಮಾಡೋಣವೆಂದರೆ ಲೇಪದ ಬಾಟಲಿ ಬರಿದು, ಅಂಗಡಿ ತೆರೆಯುವುದು ಹತ್ತಕ್ಕೆ, ತಾರಸಿಗೆ ಬಿಸಿಲು ಬೀಳುವುದು ಎಂಟೂವರೆಗೆ. ಬಣ್ಣದಕ್ಕ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಒಳಗಡೆಯಿಂದ ನೋಡಿದರೆ ಕತ್ತರಿ ತಪ್ಪು. ಬೆಳಕಿಗೆ ಹಿಡಿದು ಆಚೆ ಕಡೆಯಿಂದ ನೋಡುತ್ತಾರೆ. ಅಲ್ಲಿಂದ ಕತ್ತರಿ ಸರಿಯಾಗಿಯೇ ಇದೆ. ಬಲೆಯನ್ನೇ ಮಗುಚಿ ಹಾಕಿ ಅಚ್ಚು ತೆಗೆದರೆ?

ಹೇಳುವಷ್ಟು ಸುಲಭವಲ್ಲ. ಬಲೆಯನ್ನು ಚೌಕಟ್ಟಿನ ಒಂದೇ ಮುಖಕ್ಕೆ ಬಿಗಿದಿರುತ್ತಾರೆ, ಆ ಮುಖ ಬಟ್ಟೆಯ ಮೇಲೆ ಕೂರುತ್ತದೆ. ಮಗುಚಿದರೆ ಬಲೆ ಮೇಲಾಗಿ, ಅದಕ್ಕೂ ಬಟ್ಟೆಗೂ ನಡುವೆ ಎರಡು ಬೆರಳು ಸಂದಿ. ಆ ಸಂದಿ ತುಂಬುವಂಥದ್ದು, ಚೌಕಟ್ಟಿನೊಳಗೆ ಹಿಡಿಸುವಂಥದ್ದು ಏನಾದರೂ ಬೇಕು. ಬಣ್ಣದಕ್ಕ ಅಡುಗೆಮನೆಗೆ ಓಡಿ ತರಕಾರಿ ಹೆಚ್ಚುವ ಮರದ ಹಲಗೆ ತರುತ್ತಾರೆ. ಇನ್ನೂ ಅರ್ಧ ಬೆರಳು ಕಡಿಮೆ. ಮಗಳ ಹಳೆಯ ಎರಡು ನೋಟ್‌ಬುಕ್ಕು ಕೆಳಗಿಟ್ಟರೆ ಸರಿಹೋಗುತ್ತದೆ.

“ಮಾವ, ಅಂಗಿ ಬಿಚ್ಚಿ.”

“ಇದೊಂದಾದ್ರೂ ಉಳಿಸಮ್ಮ” ಎನ್ನುತ್ತಲೇ ಮಾವ ಛತ್ರಿಯ ಅಂಗಿ ಬಿಚ್ಚಿಕೊಡುತ್ತಾರೆ. ಹಲಗೆಯನ್ನು ಅಂಗಿಯೊಳಗೆ ತೂರಿಸಿ, ಬೆನ್ನು ಮೇಲೆ ಮಾಡಿ, ಬಲೆ ಹೊದಿಸಿ, ರಬ್ಬರ್ ಪಟ್ಟಿಯಲ್ಲಿ ಬಣ್ಣ ಎಳೆದರೆ ಅಂಚುಗಳಲ್ಲಿ ಕಲಸಿ ಹೋಗುತ್ತದೆ. ಎರಡನೆಯ ಸಲ ಕೈ ಹಗುರ ಮಾಡುತ್ತಾರೆ. ಬಲೆ ಎತ್ತಿದಾಗ ಮಾವನ ಇನ್ನೊಂದು ಹಳೆಯ ಅಂಗಿಯ ಬೆನ್ನ ಮೇಲೆ ಮಾಸ್ಟರಮ್ಮನ ಕತ್ತರಿ ಸರಿಯಾಗಿ ಕೂತಿದೆ, ಬಲಗಡೆಯ ಅಲಗು ಮೇಲೆ.

ಮನೆಯಲ್ಲೇ ಎಲ್ಲದರ ಬೆನ್ನಿಗೂ ಅಚ್ಚು ಹಾಕಿಬಿಡಬಹುದಿತ್ತಲ್ಲ ಎಂದರೆ, ಅದಕ್ಕೆ ಹೊತ್ತೂ ಇರಲಿಲ್ಲ, ಬಣ್ಣದಕ್ಕನಿಗೆ ಮನಸ್ಸೂ ಇರಲಿಲ್ಲ. “ಕೇಳದೆ ಬೆನ್ನಿಗೂ ಒತ್ತಿಬಿಟ್ರೆ ಒಂದು ತಪ್ಪಿಗೆ ಎರಡು ತಪ್ಪಾಗುತ್ತೆ. ಅಂಗಿ ಹಾಕ್ಕೊಳೋರು ಅವ್ರು.”

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಸೊಸೆ, ಮಾವ ಬಸ್ಸಿನಿಂದ ಇಳಿಯುತ್ತಾರೆ. ಸೊಸೆಯ ತಲೆಯ ಮೇಲೆ ಅಂಗಿಯ ಗಂಟು, ಕಂಕುಳಲ್ಲಿ ಬಲೆಯ ಚೌಕಟ್ಟು. ಮಾವನ ಕೈಚೀಲದಲ್ಲಿ ಬಣ್ಣದ ಡಬ್ಬಿ, ನೋಟ್‌ಬುಕ್ಕು, ತರಕಾರಿ ಹಲಗೆ. ಡಬ್ಬಿಯಲ್ಲಿ ಕಾಲು ಭಾಗ ಬಣ್ಣ ಉಳಿದಿದೆ. ಅರವತ್ತಕ್ಕೆ ಸಾಕಾಗುತ್ತದೋ ಇಲ್ಲವೋ, ಬಣ್ಣದಕ್ಕನಿಗೂ ಗೊತ್ತಿಲ್ಲ.

ಬಾಗಿಲಲ್ಲೇ ಸೂಪರ್‌ವೈಸರ್ ಸಿಗುತ್ತಾರೆ. ಕತ್ತರಿ ಹಿಡಿದವರಲ್ಲ, ಹಾಜರಿ ಪುಸ್ತಕ ಹಿಡಿದು ಮೇಲೆ ಬಂದವರು. ಗಂಟಿನಿಂದ ಒಂದು ಅಂಗಿ ಎಳೆದು ಎದೆಗೆ ಹಿಡಿದು ನೋಡಿ, “ಫಸ್ಟ್ ಕ್ಲಾಸ್! ಅಲ್ಲಿ ಇಟ್ಟು ಹೋಗಿ” ಎನ್ನುತ್ತಾರೆ.

ಇಟ್ಟು ಹೋಗಬಹುದು. ಮಾವ ಆಗಲೇ ತಿರುಗಿ ಎರಡು ಹೆಜ್ಜೆ ಹಾಕಿದ್ದಾರೆ. “ನಡಿಯಮ್ಮ, ಆಯ್ತಲ್ಲ” ಎಂದು ಮೆಲ್ಲಗೆ ಕರೆಯುತ್ತಾರೆ. ಬಣ್ಣದಕ್ಕನ ಕಾಲು ಏಳುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಇಲ್ಲಿ ಕಳ್ಳಿ ಎಂದು ಯಾರೂ ಅಂದಿಲ್ಲ, ಆದರೂ ಅವರ ಮುಖ ಬಿಳಿಚಿದೆ. ಒಳಗೆ ಹೊಲಿಗೆ ಯಂತ್ರಗಳು ಶುರುವಾಗುವ ಸದ್ದು. ಎಂಟು ವರ್ಷ ಕೇಳಿದ ಸದ್ದು.

“ಮಾಸ್ಟರಮ್ಮನ್ನ ನೋಡಬೇಕು ಸರ್.”

ಮಾಸ್ಟರಮ್ಮ ಕೊನೆಯ ದಿನವೂ ಮೇಜಿನ ಮುಂದೆ ನಿಂತಿದ್ದಾರೆ. ಇಪ್ಪತ್ತು ಅಡಿ ಉದ್ದದ, ಕನ್ನಡಿಯಂಥ ಮೇಜು. ಬಣ್ಣದಕ್ಕ ಅಂಗಿಯನ್ನು ಅದರ ಮೇಲೆ ಹಾಸುತ್ತಾರೆ. ಮಾಸ್ಟರಮ್ಮ ಕನ್ನಡಕ ಹಾಕಿಕೊಳ್ಳುವ ಮೊದಲೇ ಹೇಳಿಬಿಡುತ್ತಾರೆ.

“ಅಮ್ಮಾ, ಕತ್ತರಿ ಎಡಗೈದಾಗಿದೆ. ಕಾಗದ ತಿರುಗಾಮುರುಗಾ ಇಟ್ಟೆ. ನನ್ನದೇ ತಪ್ಪು. ಅರವತ್ತೂ ಹೀಗೇ ಇದೆ.”

ಸುತ್ತಲಿನ ನಾಲ್ಕಾರು ಯಂತ್ರಗಳು ನಿಲ್ಲುತ್ತವೆ. ಮಾಸ್ಟರಮ್ಮ ಅಂಗಿಯನ್ನು ನೋಡುತ್ತಾರೆ. ಬಣ್ಣದಕ್ಕನನ್ನು ನೋಡುವುದಿಲ್ಲ. ಕನ್ನಡಕ ಏರಿಸಿ, ಅಚ್ಚಿನ ಪಕ್ಕ ತಮ್ಮ ಕತ್ತರಿ ತಂದಿಡುತ್ತಾರೆ.

“ಮೂವತ್ಮೂರು ವರ್ಷ ಬಲಗೈಲಿ ಕತ್ತರಿಸಿದ್ದೀನಿ” ಎನ್ನುತ್ತಾರೆ. “ಇವ್ರೆಲ್ಲ ಇದನ್ನ ಹಾಕ್ಕೊಂಡು ನನ್ನ ಮುಂದೆ ನಿಂತ್ರೆ ನಾನೇನು ಮಾಡ್ಲಿ? ನಗ್ಲಾ?”

“ಬೆನ್ನಿಗೆ ಸರಿಯಾದ್ದು ಹಾಕಿಕೊಡ್ತೀನಿ. ಸಾಮಾನೆಲ್ಲ ತಂದಿದ್ದೀನಿ. ಒಂದು ಮೇಜು ಸಿಕ್ರೆ ಸಾಕು.” ಮಾವನ ಬೆನ್ನಿಗಿದ್ದ ಅಂಗಿಯನ್ನು ತೋರಿಸುತ್ತಾರೆ. ಮಾವ ಆಜ್ಞೆಯಾದವರಂತೆ ತಿರುಗಿ ನಿಲ್ಲುತ್ತಾರೆ. ಮಾಸ್ಟರಮ್ಮ ಆ ಬೆನ್ನನ್ನು ಬೆರಳಿನಿಂದ ಸವರಿ ನೋಡುತ್ತಾರೆ.

“ಹನ್ನೆರಡೂವರೆಗೆ ಊಟದ ಬಿಡುವು. ನಲವತ್ತು ನಿಮಿಷ. ಈ ಮೇಜು ತಗೋ. ಗಂಟೆ ಹೊಡೆದ ಮೇಲೆ ಒಂದು ನಿಮಿಷಾನೂ ಇಲ್ಲ.”

ಮೂರೂವರೆ ಗಂಟೆ ಉಗ್ರಾಣದ ಮೂಲೆಯಲ್ಲಿ ಕಾಯುವುದು ಅಚ್ಚು ಹಾಕುವುದಕ್ಕಿಂತ ಕಷ್ಟ. ಬಣ್ಣದಕ್ಕ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆಗೆಯುತ್ತಾರೆ. “ನೋಡಿದ್ರೆ ಹೆಚ್ಚಾಗಲ್ಲಮ್ಮ” ಎನ್ನುತ್ತಾರೆ ಮಾವ.

ಹನ್ನೆರಡೂವರೆಯ ಗಂಟೆ ಹೊಡೆದಾಗ ಬಣ್ಣದಕ್ಕ ಮೇಜಿನ ಮೇಲೆ ಹಲಗೆ ಕೂರಿಸಿಯಾಗಿದೆ. ಒಂದು ಅಂಗಿಗೆ ನಲವತ್ತೇ ಸೆಕೆಂಡು. ಮನೆಯಲ್ಲಿ ದಿನಕ್ಕೆ ಹದಿನೆಂಟು ಅಂಗಿಗೆ ಅಚ್ಚು ಹಾಕಿದರೆ ದೊಡ್ಡದು. ಕತ್ತಿನ ಸಾಲಿನ ಇಬ್ಬರು ಹಳೆಯ ಗೆಳತಿಯರು ಊಟದ ಡಬ್ಬಿ ಬದಿಗಿಟ್ಟು ಬರುತ್ತಾರೆ. ಒಬ್ಬರು ಅಂಗಿಯನ್ನು ಹಲಗೆಗೆ ತೊಡಿಸುತ್ತಾರೆ, ಬಣ್ಣದಕ್ಕ ಎಳೆಯುತ್ತಾರೆ, ಇನ್ನೊಬ್ಬರು ಬಿಡಿಸಿ ಹಗ್ಗಕ್ಕೆ ಹಾಕುತ್ತಾರೆ. ಮಾವ ಚೌಕಟ್ಟು ಅಲುಗದಂತೆ ಒತ್ತಿ ಹಿಡಿದು, ಬಸ್ಸಿನ ಕಂಡಕ್ಟರ್ ಥರ ಗಟ್ಟಿಯಾಗಿ ಎಣಿಸುತ್ತಾರೆ. ಎಂಟು. ಒಂಬತ್ತು. ಹದಿಮೂರರಲ್ಲಿ ಹಲಗೆ ವಾಲಿ ಬಣ್ಣ ಕಲಸುತ್ತದೆ. ನಿಲ್ಲಿಸಿ ಸರಿಮಾಡುವುದಕ್ಕೆ ಹೊತ್ತಿಲ್ಲ.

ಮಗುಚಿದ ಬಲೆಗೆ ಸುತ್ತ ಗೋಡೆಯಿಲ್ಲ, ಬಣ್ಣ ಬದಿಗೆ ಹರಿದು ವ್ಯರ್ಥವಾಗುತ್ತದೆ. ನಲವತ್ತು ದಾಟುವಾಗ ಡಬ್ಬಿಯ ತಳ ಕಾಣುತ್ತದೆ. ಬಣ್ಣದಕ್ಕ ಚೌಕಟ್ಟಿನ ಅಂಚಿಗೆ ಹರಿದದ್ದನ್ನೆಲ್ಲ ಕೈಯಿಂದಲೇ ಬಳಿದು ಮತ್ತೆ ಬಲೆಗೆ ಹಾಕುತ್ತಾರೆ. ಮಾಸ್ಟರಮ್ಮ ಮೇಜಿನ ಆಚೆ ತುದಿಯಲ್ಲಿ ಕೂತು, ಈ ಕಡೆ ತಿರುಗಿಯೂ ನೋಡದೆ, ನಿಧಾನವಾಗಿ ಊಟ ಮಾಡುತ್ತಿದ್ದಾರೆ.

ಐವತ್ತೊಂದು ಎನ್ನುವಾಗ ಗಂಟೆ ಹೊಡೆಯುತ್ತದೆ.

ಯಂತ್ರಗಳು ಒಂದೊಂದಾಗಿ ಶುರುವಾಗುತ್ತವೆ. ಗೆಳತಿಯರು ಕೈ ಒರೆಸಿಕೊಂಡು ತಮ್ಮ ಸಾಲಿಗೆ ಓಡಬೇಕು, ಓಡುತ್ತಾರೆ. ಸೂಪರ್‌ವೈಸರ್ ಬಟ್ಟೆಯ ಸುರುಳಿ ಹೊರಿಸಿಕೊಂಡು ಬಂದು, “ಮೇಜು ಖಾಲಿ ಮಾಡಿ, ಮಾದರಿ ಬಟ್ಟೆ ಬಂದಿದೆ” ಎನ್ನುತ್ತಾರೆ. ಬಣ್ಣದಕ್ಕ ರಬ್ಬರ್ ಪಟ್ಟಿ ಕೆಳಗಿಡುತ್ತಾರೆ. ಒಂಬತ್ತು ಅಂಗಿ ಉಳಿದಿವೆ. ಕಣ್ಣಲ್ಲಿ ನೀರು ತುಂಬುತ್ತದೆ, ಒರೆಸಿಕೊಳ್ಳಲು ಕೈಯಲ್ಲಿ ಬಣ್ಣ.

“ಯಾರ ಮೇಜು ಖಾಲಿ ಮಾಡಿಸ್ತಿದ್ದೀರಿ?” ಮಾಸ್ಟರಮ್ಮ ಊಟದ ಡಬ್ಬಿಯಿಂದ ತಲೆ ಎತ್ತುತ್ತಾರೆ. “ನನ್ನ ಊಟ ಇನ್ನೂ ಮುಗಿದಿಲ್ಲ.”

ಮೂವತ್ಮೂರು ವರ್ಷ ಗಂಟೆಗೆ ಮುಂಚೆಯೇ ಮೇಜಿನ ಮುಂದೆ ನಿಂತಿರುತ್ತಿದ್ದ ಹೆಂಗಸು. ಸೂಪರ್‌ವೈಸರ್ ಡಬ್ಬಿಯೊಳಗೆ ನೋಡುತ್ತಾರೆ. ಅದರಲ್ಲಿ ಏನೂ ಇಲ್ಲ. ಮಾಸ್ಟರಮ್ಮ ಖಾಲಿ ಡಬ್ಬಿಯಲ್ಲಿ ಚಮಚ ಆಡಿಸುತ್ತ, “ವಯಸ್ಸಾಯ್ತು, ನಿಧಾನ” ಎನ್ನುತ್ತಾರೆ. ಸೂಪರ್‌ವೈಸರ್ ಸುರುಳಿಯನ್ನು ಗೋಡೆಗೆ ಒರಗಿಸಿ ಹೋಗುತ್ತಾರೆ. ಮಾವ ಅಂಗಿ ತೊಡಿಸುತ್ತಾರೆ, ಸೊಸೆ ಎಳೆಯುತ್ತಾರೆ. ಐವತ್ತೆರಡು. ಐವತ್ತಮೂರು. ಕೊನೆಯ ಮೂರಕ್ಕೆ ಬಣ್ಣವನ್ನು ಬೆರಳಿನಿಂದ ಕೆರೆದು ಕೆರೆದು ಸೇರಿಸಬೇಕಾಗುತ್ತದೆ. ಅರವತ್ತು ಎಂದಾಗ ಮಾಸ್ಟರಮ್ಮ ಡಬ್ಬಿಯ ಮುಚ್ಚಳ ಹಾಕುತ್ತಾರೆ.

ಇಸ್ತ್ರಿ ವಿಭಾಗದವರು ಕರೆಯದೆಯೇ ಬಂದು ಅಂಗಿಗಳನ್ನು ಒಯ್ಯುತ್ತಾರೆ. ದೊಡ್ಡ ಇಸ್ತ್ರಿಗಳಿಗೆ ಅರವತ್ತು ಅಂಗಿ ಯಾವ ಲೆಕ್ಕ?

ಮೂರೂವರೆಗೆ ಮಾಸ್ಟರಮ್ಮ ಅಂಗಿಗಳನ್ನೆಲ್ಲ ಮೇಜಿನ ಮೇಲೆ ಬೆನ್ನು ಮೇಲಾಗಿ ಹಾಸಲು ಹೇಳಿ, ಜೇಬಿನಿಂದ ಸೀಮೆಸುಣ್ಣ ತೆಗೆಯುತ್ತಾರೆ. ಇಡೀ ವಿಭಾಗ ನೋಡುತ್ತಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ, ಮಡಚಿ ಬದಿಗಿಡುತ್ತಾರೆ. ಬಣ್ಣದಕ್ಕನಿಗೆ ಆ ಸೀಮೆಸುಣ್ಣದ ಮೇಲಿಂದ ಕಣ್ಣು ತೆಗೆಯಲಾಗುವುದಿಲ್ಲ. ಹದಿಮೂರನೆಯ ಅಂಗಿಗೆ ಗೀಟು ಬೀಳುತ್ತದೆ. ಅಲ್ಲಿ ಬಣ್ಣ ಕಲಸಿದೆ, ಮಾತಾಡುವಂತಿಲ್ಲ. ಆಮೇಲೆ ಬಹಳ ಹೊತ್ತು ಗೀಟಿಲ್ಲ. ಐವತ್ತೊಂಬತ್ತನೆಯದನ್ನು ಮಾಸ್ಟರಮ್ಮ ಎರಡು ಸಲ ನೋಡುತ್ತಾರೆ. ಬಣ್ಣ ತೆಳುವಾಗಿ, ಅಲಗಿನ ಮುರಿದ ತುದಿ ಮೂಡಿಲ್ಲ.

“ತುದಿ ಮುರಿದದ್ದು ಕಾಣ್ತಿಲ್ಲ. ಇದು ಬೇರೆ ಯಾರದೋ ಕತ್ತರಿ” ಎಂದು ಗೀಟು ಎಳೆಯುತ್ತಾರೆ.

ಕೊನೆಯದನ್ನೂ ಮಡಚಿಟ್ಟು ಸೀಮೆಸುಣ್ಣವನ್ನು ಜೇಬಿಗೆ ಹಾಕುತ್ತಾರೆ.

“ಉಳಿದದ್ದೆಲ್ಲ ನಂದೇ” ಎನ್ನುತ್ತಾರೆ ಮಾಸ್ಟರಮ್ಮ. ಒಂದನ್ನು ಎತ್ತಿ ಮುಂಭಾಗ ತಿರುಗಿಸಿ, ಎಡಗೈ ಕತ್ತರಿಯ ಮೇಲೆ ಕೈಯಾಡಿಸುತ್ತಾರೆ. “ಮುಂದಿಂದು ನಿಂದು, ಹಿಂದಿಂದು ನಂದು. ಹಾಕ್ಕೊಳ್ರೆ ಎಲ್ರೂ, ಹೊತ್ತಾಯ್ತು.”

ಐವತ್ತೆಂಟು ಅಂಗಿಗಳು ಐದು ನಿಮಿಷದಲ್ಲಿ ಖಾಲಿಯಾಗುತ್ತವೆ. ತಡವಾಗಿ ಬಂದ ಸೂಪರ್‌ವೈಸರ್‌ಗೆ ಗೀಟು ಬಿದ್ದ ಎರಡೇ ಉಳಿದಿವೆ. ಒಂದನ್ನು ತೊಟ್ಟುಕೊಳ್ಳುತ್ತಾರೆ, ಬೆನ್ನ ಮೇಲೆ ಬಿಳಿಯ ಗೀಟು ಎದ್ದು ಕಾಣುತ್ತದೆ, ಅವರಿಗೆ ಮಾತ್ರ ಕಾಣುವುದಿಲ್ಲ. ಬಲೆ, ಹಲಗೆ ಕಟ್ಟಿಕೊಂಡು ಹೊರಡುತ್ತಿದ್ದ ಬಣ್ಣದಕ್ಕನನ್ನು ಅವರು ಬಾಗಿಲಲ್ಲಿ ತಡೆಯುತ್ತಾರೆ.

“ನೋಡಮ್ಮ, ಇಷ್ಟು ಕಷ್ಟ ಯಾಕೆ ಬೇಕು? ಕತ್ತಿನ ಸಾಲಲ್ಲಿ ಒಂದು ಜಾಗ ಖಾಲಿ ಇದೆ. ತಿಂಗಳು ತಿಂಗಳು ಸಂಬಳ, ತಲೆನೋವಿಲ್ಲ. ಸೋಮವಾರ ಬರ್ತೀಯಾ?”

ಬಣ್ಣದಕ್ಕ ಕಂಕುಳಿನ ಚೌಕಟ್ಟನ್ನು ಸರಿಮಾಡಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಆದರೂ ದನಿ ಗಟ್ಟಿಯಾಗಿಯೇ ಇದೆ.

“ಬರ್ತೀನಿ ಸರ್. ಬಿಲ್ ತಗೊಂಡು ಬರ್ತೀನಿ. ಐವತ್ತೆಂಟಕ್ಕೆ ಮಾತ್ರ.”